ಅಮಾಸಿ ಸೂಟಿ

ಬನಹಟ್ಟಿಯಲ್ಲಿ ಅಮಾವಾಸ್ಯೆ ಬಂತೆಂದರೆ ನೇಕಾರರಿಗೆ ಸೂಟಿ, ಮಗ್ಗಗಳು ಬಾಯಿ ಮುಚ್ಚುತ್ತವೆ. ಉಳಿದ ದಿನ ಪವರ್‌ಲೂಮಿನ ಖಟಖಟಕ್ಕೆ ಓಣಿಯ ಗೋಡೆಗಳೇ ನಡುಗುತ್ತಿರುವಾಗ ಶೆಡ್ಡಿನಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ. ಕೂಗಿ ಉಪಯೋಗವಿಲ್ಲ. ಆ ತುದಿಯಲ್ಲಿ ನಿಂತವನು ತುಟಿ ಆಡಿಸುತ್ತಾನೆ, ಈ ತುದಿಯಲ್ಲಿದ್ದವನು ಅದನ್ನು ನೋಡಿಯೇ ತಿಳಿದುಕೊಳ್ಳುತ್ತಾನೆ. ಅಂಗೈ ಎತ್ತಿದರೆ ನಿಲ್ಲಿಸು ಎಂದು. ಚಹಾ ತರಿಸುವುದು, ಚೇಷ್ಟೆ ಮಾಡುವುದು, ಮಾಲೀಕನನ್ನು ಅವನ ಬೆನ್ನ ಹಿಂದೆ ಬೈಯುವುದು, ಎಲ್ಲ ಹೀಗೇ. ಹುಟ್ಟಿದಾಗಿನಿಂದ ಮಗ್ಗದ ನಡುವೆ ಬೆಳೆದವರಿಗೆ ಇದೇನು ದೊಡ್ಡ ವಿದ್ಯೆಯಲ್ಲ.

ಅದಕ್ಕೇ ಮಗ್ಗ ರಿಪೇರಿ ಮಾಡುವ ಮಿಸ್ತ್ರಿ ಗೂಳಪ್ಪನ ಕಿವಿ ಹೋಗಿರುವುದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹೆಂಡತಿ ಅನಸವ್ವನಿಗೆ ಮಾತ್ರ ಗೊತ್ತಿತ್ತು. ಅಡುಗೆ ಮನೆಯಿಂದ ಕರೆದು ಕರೆದು ಸಾಕಾಗಿ, ಒಂದು ದಿನ ಎದುರಿಗೆ ಬಂದು ನಿಂತು ಕೇಳಿಯೇಬಿಟ್ಟಿದ್ದಳು. "ನಿಮಗ ಕೇಳಸಂಗಿಲ್ಲ, ಹೌದಲ್ರಿ? ವೀರಣ್ಣಗ ಹೇಳಿಬಿಡ್ರಿ. ದೋಸ್ತ ಅದಾನ, ತಿಳಕೊಳ್ತಾನ."

"ನಿನ್ನ ಬಾಯಿ ಮುಚ್ಚು" ಎಂದಿದ್ದ ಗೂಳಪ್ಪ. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಚೆಗಂತೂ ಹತ್ತಿರದವರು ನಕ್ಕರೂ ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಉರಿದು ಬೀಳುತ್ತಿದ್ದ. ಆದರೆ ವೀರಣ್ಣನಿಗೆ ಹೇಳುವುದು ಹೇಗೆ? ಗೂಳಪ್ಪ ದುಡಿಯುತ್ತಿದ್ದ ಶೆಡ್ಡಿನ ಮಾಲೀಕ ವೀರಣ್ಣ ರಬಕವಿ ರಸ್ತೆಯಲ್ಲಿ ಇನ್ನೊಂದು ಹೊಸ ಶೆಡ್ಡು ಕಟ್ಟಿಸುತ್ತಿದ್ದ. ಅಲ್ಲಿನ ಮಗ್ಗಗಳನ್ನೆಲ್ಲ ನೋಡಿಕೊಳ್ಳಲು ದೊಡ್ಡ ಮಿಸ್ತ್ರಿ ಬೇಕಾಗಿದ್ದ. ಗೂಳಪ್ಪನಿಗಿದ್ದ ಹೆಸರೇ ಬಾಗಿಲಲ್ಲಿ ನಿಂತು ಸಪ್ಪಳ ಕೇಳಿ ಯಾವ ಮಗ್ಗದಲ್ಲಿ ಏನು ಸವೆದಿದೆ ಎಂದು ಹೇಳುತ್ತಾನೆ ಎಂಬುದು. ಕಿವಿ ಕೇಳದ ಮಿಸ್ತ್ರಿ ಎಂದು ಗೊತ್ತಾದರೆ ಆ ಕೆಲಸವೂ ಹೋಯಿತು, ಹೆಸರೂ ಹೋಯಿತು. ಈಗ ಅವನು ಮಗ್ಗದ ಮೈಮೇಲೆ ಅಂಗೈ ಇಟ್ಟು ನಡುಕದಿಂದಲೇ ತಿಳಿದುಕೊಳ್ಳುತ್ತಿದ್ದ. ನೋಡಿದವರು ಅದನ್ನು ಮಿಸ್ತ್ರಿಯ ಗತ್ತು ಎಂದುಕೊಂಡಿದ್ದರು.

ಹೀಗಿರುವಾಗ ರಾಜಕುಮಾರ ಈ ಸಮುದ್ರದ ಹುಚ್ಚು ಎಬ್ಬಿಸಿದ. ಸೊಸೈಟಿಯಲ್ಲಿ ಕ್ಲರ್ಕ್ ಆಗಿದ್ದ ಅವನು ಮೊಬೈಲಿನಲ್ಲಿ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು ಗೋಕರ್ಣದಿಂದ ಕುಮಟಾದವರೆಗೆ ದಂಡೆ ಹಿಡಿದು ನಡೆಯುವುದನ್ನು ನೋಡಿದ್ದ. "ಮೊಣಕಾಲ ಹೋಗೂಕಿಂತ ಮೊದಲ ನಾವೂ ಒಮ್ಮೆ ನಡದ ಬರೂಣೋ" ಎಂದು ಗಂಟುಬಿದ್ದ. ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ನಾಲ್ವರು: ರಾಜಕುಮಾರ, ವೀರಣ್ಣ, ಗೂಳಪ್ಪ, ಮತ್ತು ವೀರಣ್ಣನ ಹಳೆಯ ಶೆಡ್ಡಿನಲ್ಲೇ ನೇಯುವ ದಢೂತಿ ಮಲಕಾಜಪ್ಪ. ನೇಕಾರರು ಯಾವಾಗ ಹೋಗಬೇಕು? ಮಗ್ಗ ನಿಂತಾಗ. ಮಗ್ಗ ನಿಲ್ಲುವುದು ಯಾವಾಗ? ಅಮಾವಾಸ್ಯೆಗೆ. ಮಾತು ಮುಗಿಯಿತು. ಅಮಾವಾಸ್ಯೆಗೆ ಸಮುದ್ರ ಏನು ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ. ಅವರು ಕಂಡ ನೀರೆಂದರೆ ಕೃಷ್ಣಾ ಹೊಳೆ. ಅದು ಚಂದ್ರನನ್ನು ನೋಡಿ ಏರುವುದಿಲ್ಲ, ಮಹಾರಾಷ್ಟ್ರದವರು ಅಣೆಕಟ್ಟಿನ ಬಾಗಿಲು ತೆಗೆದಾಗ ಏರುತ್ತದೆ.

"ಕುಮಟಾ ಮುಟ್ಟಿದ ಮ್ಯಾಲ ಹೊಸಾ ಶೆಡ್ಡಿನ ಮಾತ ಪಕ್ಕಾ ಮಾಡೂಣು" ಎಂದು ವೀರಣ್ಣ ಬಸ್ಸಿನಲ್ಲೇ ಗೂಳಪ್ಪನಿಗೆ ಹೇಳಿದ್ದ. ಗೂಳಪ್ಪ ಹೊರಟದ್ದೇ ಆ ಮಾತಿಗಾಗಿ. ಇಲ್ಲದಿದ್ದರೆ ಮಗ್ಗದ ಗದ್ದಲವಿಲ್ಲದ, ಮಾತು ಕೇಳಿಸಿಕೊಳ್ಳಲೇಬೇಕಾದ ಜಾಗಕ್ಕೆ ಅವನು ಕಾಲಿಡುತ್ತಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಗೋಕರ್ಣದ ಓಂ ಬೀಚಿನಲ್ಲಿ ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಸಿ ಮೆಣಸಿನಕಾಯಿ. ಕೆನೆಮೊಸರನ್ನು ಮಾತ್ರ ಕೆಟ್ಟೀತೆಂದು ಹಿಂದಿನ ದಿನವೇ ಮುಗಿಸಿದ್ದರು. ಚಟ್ನಿ ಡಬ್ಬಿ ಗೂಳಪ್ಪನ ಬೆನ್ನುಚೀಲದಲ್ಲಿತ್ತು. ಅದು ಅವನ ಮಗಳು ವಂದನಾಳ ಕಾಲೇಜಿನ ಚೀಲ, ಗುಲಾಬಿ ಬಣ್ಣದ್ದು, ತುದಿಯಲ್ಲೊಂದು ಕರಡಿಗೊಂಬೆ ನೇತಾಡುತ್ತಿತ್ತು. ಅವನು ಸಮುದ್ರಕ್ಕೆ ಮುಖ ಮಾಡಿ ಕೂತಿದ್ದ. ಉಳಿದವರೆಲ್ಲ ಮೊರೆತ ಮೊರೆತ ಎಂದು ಹೊಗಳುತ್ತಿದ್ದರು. ಅವನಿಗೆ ಅಲೆ ಮಗುಚುವುದು ಕಾಣುತ್ತಿತ್ತು, ಕೂತ ಬಂಡೆ ಅದುರುವುದು ತಿಳಿಯುತ್ತಿತ್ತು, ಸಪ್ಪಳ ಮಾತ್ರ ಹತ್ತಿ ತುಂಬಿದ ಚೀಲದ ಒಳಗಿನಿಂದ ಬಂದಂತೆ ಮಂಕಾಗಿತ್ತು.

ಕತ್ತಿಗೆ ಏನೋ ಬಡಿಯಿತು. ಹಸಿ ಮೆಣಸಿನಕಾಯಿ. ಗೂಳಪ್ಪ ಗಿರ್ರನೆ ತಿರುಗಿದ. ಮಲಕಾಜಪ್ಪ ಇನ್ನೊಂದು ಮೆಣಸಿನಕಾಯಿ ಎತ್ತಿ ಹಿಡಿದಿದ್ದ.

"ಏನಲೇ, ದನಕ್ಕ ಒಗದಂಗ ಒಗೀತಿ?"

"ದನಾ ಆದ್ರ ಒಂದ ಸಲಾ ಕರದ್ರ ಹೊಳ್ಳತಿತ್ತಲೇ! ಚಟ್ನಿ ಕೊಡೋ ಚಟ್ನಿ ಕೊಡೋ ಅಂತ ಆಗಿಂದ ಒದರಾಕತ್ತೇನಿ. ಸಾಹೇಬ ಆಗ್ಯಾನಪಾ, ಶೆಡ್ಡಿನ ಮ್ಯಾಲ ಇನ್ನೂ ಪತ್ರಾಸ ಹಾಕಿಲ್ಲ, ಇವ ಆಗಲೇ ಸಾಹೇಬ ಆಗ್ಯಾನ. ಕರಡಿ ಹಿಡಕೊಂಡ ಸಾಹೇಬ!"

ರಾಜಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. ವೀರಣ್ಣನೂ ನಕ್ಕ. ಅದನ್ನು ಗೂಳಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಡಬ್ಬಿ ತೆಗೆದು ಮಲಕಾಜಪ್ಪನ ಮುಂದೆ ಮರಳಿಗೆ ಕುಕ್ಕಿದ.

"ತಿನ್ನು, ಹೊಟ್ಟಿ ಒಡದ ಸಾಯಿ. ಇನ್ನ ಮ್ಯಾಲ ನೀ ಗಂಟಲಾ ಹರಕೊಂಡ ಒದರಿದ್ರೂ ನಾ ಹೊಳ್ಳಿ ನೋಡಾಂವಲ್ಲ. ಎಲ್ಲಾರ ಮುಂದ ಹೇಳಾಕತ್ತೇನಿ."

ಅವನ ದನಿ ಎಷ್ಟು ಜೋರಾಗಿತ್ತೆಂದರೆ ಆಚೆ ಚಹಾ ಕುಡಿಯುತ್ತಿದ್ದ ವಿದೇಶಿ ಹುಡುಗಿಯರೂ ತಿರುಗಿ ನೋಡಿದರು.

ಅಲ್ಲಿಂದ ಮುಂದಿನ ಬೀಚಿಗೆ ಗುಡ್ಡದ ಮೇಲೊಂದು ಕಾಲುದಾರಿ, ಕೆಳಗೆ ಬಂಡೆಗಳ ಮೇಲೊಂದು. ಮೊಬೈಲಿನ ಹುಡುಗರು ಕೆಳಗಿನದರಲ್ಲೇ ಹೋಗಿದ್ದಾರೆಂದು ರಾಜಕುಮಾರ ಅದನ್ನೇ ಹಿಡಿದ. ಅವನ ಹಿಂದೆ ವೀರಣ್ಣ, ಆಮೇಲೆ ಗೂಳಪ್ಪ. ಎಲ್ಲರಿಗಿಂತ ಹಿಂದೆ ನಡೆದರೆ ಬೆನ್ನ ಹಿಂದಿನಿಂದ ಯಾರೂ ಕರೆಯುವುದಿಲ್ಲವೆಂದು ಗೂಳಪ್ಪ ಎರಡು ಸಲ ನಿಂತು ನೋಡಿದ. ಆದರೆ ಮಲಕಾಜಪ್ಪನ ಮೈ ಭಾರ, ಅವನು ಇನ್ನೂ ಹಿಂದೆ ಉಳಿದ.

ವೀರಣ್ಣ ತಿರುಗಿ, "ಸಿಟ್ಟ ಸಾಕ ಮಾಡು. ಅವನ ಮ್ಯಾಲ ಲಕ್ಷ್ಯ ಇರಲಿ" ಎಂದ. ಎದುರಿಗೆ ನಿಂತು ಹೇಳಿದ್ದರಿಂದ ಗೂಳಪ್ಪನಿಗೆ ತಿಳಿಯಿತು. ಹೂಂ ಎಂದ.

ಮೊದಮೊದಲು ತಿರುಗಿ ನೋಡುತ್ತಲೇ ಇದ್ದ. ಆಮೇಲೆ ಬಂಡೆಗಳು ಜಾರತೊಡಗಿದವು, ಎರಡೂ ಕೈ ಊರಬೇಕಾಯಿತು. ಬೆಳಿಗ್ಗೆ ವೀರಣ್ಣ ನಕ್ಕದ್ದು ತಲೆಯಲ್ಲಿ ಕೊರೆಯುತ್ತಿತ್ತು. ಇವನಿಗೆ ಸಂಶಯ ಬಂದಿದೆಯೋ ಏನೋ. ಕುಮಟಾದಲ್ಲಿ ಏನೆನ್ನುತ್ತಾನೋ ಏನೋ. ಹೀಗೆ ಯೋಚಿಸುತ್ತ ಕೊನೆಯ ಬಂಡೆ ಇಳಿದು ಮರಳಿನ ಮೇಲೆ ಕಾಲಿಟ್ಟಾಗ, ಮುಂದೆ ನಿಂತಿದ್ದ ರಾಜಕುಮಾರನ ಬಾಯಿ ತೆರೆದೇ ಇತ್ತು.

"ಮಲಕಾಜಪ್ಪ ಎಲ್ಲಿ?"

ಗೂಳಪ್ಪ ತಿರುಗಿದ. ಹಿಂದೆ ಯಾರೂ ಇರಲಿಲ್ಲ. ತಾವು ಆಗಷ್ಟೇ ದಾಟಿಬಂದ ಬಂಡೆಗಳೂ ಅರ್ಧ ಇರಲಿಲ್ಲ. ನೀರು ಸದ್ದಿಲ್ಲದೆ ಅವನ್ನು ಒಂದೊಂದಾಗಿ ನುಂಗುತ್ತಿತ್ತು.

ವೀರಣ್ಣ ಕಿವಿಗೆ ಕೈ ಹಚ್ಚಿದ. ಅವನ ಮುಖ ಬಿಳಿಚಿತು. "ಒದರಾಕತ್ತಾನ. ನಿನ್ನ ಹೆಸರ ಹಿಡದ ಒದರಾಕತ್ತಾನಲೇ ಗೂಳ್ಯಾ!"

ಮೂವರೂ ಬಿದ್ದು ಎದ್ದು ಗುಡ್ಡದ ಅಂಚು ಹಿಡಿದು ಹಿಂದಕ್ಕೆ ಓಡಿದರು. ತಿರುವಿನ ಆಚೆ ಮಲಕಾಜಪ್ಪ ಕಂಡ. ಎರಡು ಬಂಡೆಗಳ ಸಂದಿನಲ್ಲಿ ಒಂದು ಕಾಲು ಸಿಕ್ಕಿಸಿಕೊಂಡು, ಬೆನ್ನುಚೀಲವನ್ನು ತಲೆಯ ಮೇಲೆ ಹೊತ್ತು ನಿಂತಿದ್ದ. ಪ್ರತಿ ಅಲೆಗೂ ನೀರು ಸೊಂಟಕ್ಕೆ ಬಂದು ಹೋಗುತ್ತಿತ್ತು. ಇಲ್ಲಿ ಗಾಳಿ ಇನ್ನೂ ಜೋರಾಗಿ ಬೀಸುತ್ತಿತ್ತು, ಅಲೆ ಬಂಡೆಗೆ ಅಪ್ಪಳಿಸಿ ಒಡೆಯುತ್ತಿತ್ತು. ವೀರಣ್ಣ ಕೂಗಿದ, ರಾಜಕುಮಾರ ಕೂಗಿದ, ಅತ್ತ ಮಲಕಾಜಪ್ಪನೂ ಬಾಯಿ ಬಡಿದುಕೊಂಡ. ಯಾರ ಮಾತೂ ಯಾರಿಗೂ ಮುಟ್ಟಲಿಲ್ಲ.

ಗೂಳಪ್ಪ ಅಂಗೈ ಎತ್ತಿ ಹಿಡಿದ. ಶೆಡ್ಡಿನಲ್ಲಿ ಹಿಡಿಯುವಂತೆಯೇ. ನಿಲ್ಲಿಸು. ಮಲಕಾಜಪ್ಪ ಅದನ್ನು ಕಂಡು ಕೂಗುವುದನ್ನು ಬಿಟ್ಟು ತುಟಿ ಆಡಿಸಿದ, ಸಾವಕಾಶ, ಮಗ್ಗದ ಆ ತುದಿಯಿಂದ ಆಡಿಸಿದಂತೆ.

"ಎಡಕ ತಗ್ಗ ಐತಂತ" ಎಂದ ಗೂಳಪ್ಪ. "ಮ್ಯಾಲಿನ ಕಡಿಯಿಂದ ಬಾ ಅಂತಾನ. ನಿಮ್ಮ ಟವೆಲ್ ಕೊಡ್ರಿ ಇಲ್ಲೆ."

ಮೂರು ಟವೆಲ್ ಗಂಟು ಹಾಕಿ ಒಂದು ತುದಿ ಸೊಂಟಕ್ಕೆ ಬಿಗಿದುಕೊಂಡು ಇಳಿದ. ಇನ್ನೊಂದು ತುದಿಯನ್ನು ಇಬ್ಬರೂ ಹಿಡಿದುಕೊಂಡರು. ಒಂದು ಅಲೆ ಅವನನ್ನು ಎತ್ತಿ ಬಂಡೆಗೆ ಒಗೆಯಿತು, ಮೊಣಕೈ ಚರ್ಮ ಕಿತ್ತುಹೋಯಿತು. ಬೈಯುತ್ತಲೇ ಹೋದ. ಸಮುದ್ರಕ್ಕೆ ಬೈದ, ರಾಜಕುಮಾರನ ಮೊಬೈಲಿಗೆ ಬೈದ, ಮಲಕಾಜಪ್ಪನ ಹೊಟ್ಟೆಗೂ ಬೈದ. ನೀರಿನೊಳಗೆ ಕೈ ಹಾಕಿ ಬೂಟಿನ ಲಾಡಿ ಹರಿದು ಕಾಲನ್ನು ಹೊರಗೆಳೆದ. ಬೂಟು ಅಲ್ಲೇ ಉಳಿಯಿತು.

ಗುಡ್ಡದ ಮೇಲಿನ ಒಂದು ಚಹಾದ ಗುಡಿಸಲಿಗೆ ಮಲಕಾಜಪ್ಪನನ್ನು ಹೊತ್ತುಕೊಂಡು ಬಂದರು. ಅಂಗಡಿಯ ಹೆಂಗಸು ಅವನ ಕಾಲಿನ ಗಾಯಕ್ಕೆ ಅರಿಸಿನ ಒತ್ತುತ್ತ ಬೈದಳು. "ಅಮಾಸೆ ದಿನ ನೀರು ಏರೋ ಭರ್ತದ ಹೊತ್ತಿಗೆ ಯಾರಾದ್ರೂ ಆ ಬಂಡೆ ಮೇಲೆ ಬರ್ತಾರಾ? ಉಳಿದ ದಿನಕ್ಕಿಂತ ಇವತ್ತೇ ನೀರು ಜಾಸ್ತಿ ಏರೂದು. ಯಾವೂರು ನಿಮ್ದು?"

"ಬನಹಟ್ಟಿರೀ ಅಕ್ಕಾರ" ಎಂದ ಮಲಕಾಜಪ್ಪ, ಹಲ್ಲು ಕಟಕಟಿಸುತ್ತ. "ನಮ್ಮಲ್ಲೆ ಅಮಾಸಿಗೇ ಸೂಟಿರಿ."

"ಸಮುದ್ರಕ್ಕೆ ಸೂಟಿ ಇಲ್ಲ" ಎಂದು ಅವಳು ಚಹಾ ಕಾಸಲು ಒಳಗೆ ಹೋದಳು.

ವೀರಣ್ಣ ಗೂಳಪ್ಪನ ಎದುರಿಗೆ ಬಂದು ಕೂತ.

"ಮುಂಜಾನೆ ಅಂದದ್ದ ಮಾಡಿ ತೋರಿಸಿದಿ. ಹೌದಲ್ಲೋ?"

ಗೂಳಪ್ಪ ಒದ್ದೆ ಅಂಗಿಯ ತೋಳು ಹಿಂಡಿದ.

"ಒಂದ ಚಟ್ನಿ ಸಲುವಾಗಿ! ಅಂವ ನಿನ್ನ ಬೆನ್ನ ಹಿಂದ ಒದರಾಕತ್ತಿದ್ದ, ನೀ ಹೊಳ್ಳಿ ನೋಡದ ಬಂದಿ. ಎಂಥಾ ಮನಶ್ಯಾನಲೇ ನೀ?"

ಉತ್ತರ ಸುಲಭವಾಗಿತ್ತು. ಹೌದು, ಸಿಟ್ಟು ಬಂದಿತ್ತು ಎಂದರೆ ಸಾಕು. ಗೂಳಪ್ಪ ಸಿಟ್ಟಿನವನೆಂದು ಎಲ್ಲರಿಗೂ ಗೊತ್ತು. ಎರಡು ತಿಂಗಳು ಮಾತು ಬಿಡುತ್ತಾರೆ, ಆಮೇಲೆ ಯಾವುದೋ ಮದುವೆಯಲ್ಲಿ ಎದುರಾಗಿ ಎಲೆ ಅಡಿಕೆ ಕೊಟ್ಟು ಒಂದಾಗುತ್ತಾರೆ. ಸಿಟ್ಟಿನ ಮಿಸ್ತ್ರಿಗೆ ಕೆಲಸ ಸಿಗುತ್ತದೆ. ಕಿವುಡ ಮಿಸ್ತ್ರಿಗೆ ಸಿಗುವುದಿಲ್ಲ.

"ಹೌದು" ಎಂದ ಗೂಳಪ್ಪ. "ಸಿಟ್ಟ ಬಂದಿತ್ತು. ಏನ್ ಮಾಡ್ತಿ ಈಗ?"

ವೀರಣ್ಣ ಎದ್ದು ಮುಖ ತಿರುಗಿಸಿದ. ಗೂಳಪ್ಪ ಕಣ್ಣು ಎತ್ತಿದಾಗ ಮಲಕಾಜಪ್ಪ ಅವನನ್ನೇ ನೋಡುತ್ತಿದ್ದ. ಒದ್ದೆ ಗಡ್ಡ, ಅರಿಸಿನ ಬಳಿದ ಕಾಲು. ತುಟಿಗಳು ಮಾತ್ರ ಆಡುತ್ತಿದ್ದವು.

ಸುಳ್ಳ ಹೇಳಬ್ಯಾಡ. ನಿನಗ ಕೇಳಿಸಲಿಲ್ಲ.

"ಮುಚ್ಚಲೇ ಬಾಯಿ!" ಎಂದು ಗೂಳಪ್ಪ ಗುಡುಗಿದ.

ರಾಜಕುಮಾರ ಬೆಚ್ಚಿ ಬಿದ್ದ. "ಅಂವ ಏನೂ ಅಂದೇ ಇಲ್ಲಲ್ಲೋ?"

ವೀರಣ್ಣ ಗಕ್ಕನೆ ತಿರುಗಿದ. ಶೆಡ್ಡಿನ ಮಾಲೀಕನಾಗುವ ಮೊದಲು ಅವನೂ ಅಪ್ಪನ ಮಗ್ಗದ ಮುಂದೆ ನಿಂತವನೇ. ಮಲಕಾಜಪ್ಪನ ತುಟಿಯನ್ನೊಮ್ಮೆ, ಗೂಳಪ್ಪನ ಮುಖವನ್ನೊಮ್ಮೆ ನೋಡಿದ. "ಏನ ಅಂದ ಅಂವ?"

ಮಲಕಾಜಪ್ಪ ಈಗ ಬಾಯಿ ಬಿಗಿದುಕೊಂಡಿದ್ದ. ಅವನು ಹೇಳುವುದಿಲ್ಲವೆಂದು ಗೂಳಪ್ಪನಿಗೆ ಗೊತ್ತಾಯಿತು. ಎಷ್ಟು ದಿನದಿಂದ ತಿಳಿದಿತ್ತೋ ಈ ದಢೂತಿ ನನ್ಮಗನಿಗೆ. ಇಲ್ಲಿಯವರೆಗೆ ಹೇಳಿರಲಿಲ್ಲ, ಇನ್ನೂ ಹೇಳುವುದಿಲ್ಲ. ಸಾಯುವ ಹಾಗೆ ನೀರಿನಲ್ಲಿ ನಿಂತು ಬಂದ ಮೇಲೂ ಹೇಳುವುದಿಲ್ಲ. ಅರಿಸಿನದ ಅಡಿಯಿಂದ ರಕ್ತ ಇನ್ನೂ ಜಿನುಗುತ್ತಿತ್ತು.

ಗೂಳಪ್ಪ ವೀರಣ್ಣನತ್ತ ತಿರುಗಿದ.

"ಕೇಳಿಸಲಿಲ್ಲೋ ವೀರಣ್ಣ" ಎಂದ. ಜೋರಾಗಿ ಹೇಳಿದೆನೋ ಮೆಲ್ಲಗೆ ಹೇಳಿದೆನೋ ಅವನಿಗೇ ತಿಳಿಯಲಿಲ್ಲ. "ಖರೆನ ಕೇಳಿಸಲಿಲ್ಲ. ಕಿವಿ ಹೋಗ್ಯಾವ. ಮಾರಿ ನೋಡಿ ಮಾತಾಡಿದ್ರ ತಿಳಿತೈತಿ, ಬೆನ್ನ ಹಿಂದಿಂದ ಕರದ್ರ ನನ್ನ ಪಾಲಿಗೆ ಯಾರೂ ಇಲ್ಲ. ಮುಂಜಾನೆ ಚಟ್ನಿ ಕೇಳಿದ್ದೂ ಕೇಳಿಸಿಲ್ಲ. ಕೇಳಿಸಿದ್ರ ಕೊಡತಿದ್ನಿಲ್ಲೋ? ಚಟ್ನಿ ಕೊಡದಷ್ಟ ಹಲಕಟ ಅದೇನೇನ ನಾ?"

ಯಾರೂ ನಗಲಿಲ್ಲ. ಹೆಂಗಸು ಚಹಾ ತಂದಿಟ್ಟು ಹೋದಳು. ವೀರಣ್ಣ ಗ್ಲಾಸು ಎತ್ತಿಕೊಂಡ.

"ಮತ್ತ ಮಗ್ಗದ ಸಪ್ಪಳಾ ಹೆಂಗ ಹೇಳ್ತಿ?"

"ಕೈ ಇಟ್ಟ ನೋಡತೇನಿ."

"ಅಂದ್ರ ಆ ಕೈ ಇಡೂದು ಗತ್ತ ಅಲ್ಲ?"

"ಗತ್ತೂ ಐತಿ" ಎಂದ ಗೂಳಪ್ಪ. ಮಲಕಾಜಪ್ಪ ಚಹಾ ಕುಡಿಯುತ್ತಲೇ ನಕ್ಕು ಅದನ್ನು ಮೂಗಿನಿಂದ ಹೊರತಂದ.

ವೀರಣ್ಣ ನಗಲಿಲ್ಲ. ತಲೆ ತಗ್ಗಿಸಿ ಏನೋ ಅಂದ. ಗೂಳಪ್ಪನಿಗೆ ತುಟಿ ಕಾಣಲಿಲ್ಲ. "ಮಾರಿ ಎತ್ತಿ ಹೇಳೋ" ಎಂದ. ಹಾಗೆ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು.

ವೀರಣ್ಣ ಮುಖ ಎತ್ತಿದ. "ನಮ್ಮ ಶೆಡ್ಡಿನ್ಯಾಗ ಹೋಗ್ಯಾವ ನಿನ್ನ ಕಿವಿ ಅಂದೆ. ಹುಡಗ ಇದ್ದಾಗಿಂದ ನಮ್ಮಲ್ಲೇ ದುಡದಿ. ಈ ಮಲಕಾಜಪ್ಪನ ಕಿವೀನೂ ಹೋಗತಿರಬೇಕ, ಯಾಂವ ನೋಡ್ಯಾನ?"

"ಹೊಸಾ ಶೆಡ್ಡಿನ ಮಾತ ಹೇಳು."

"ಮೊದಲ ಊರಿಗೆ ಹೋಗಿ ಡಾಕ್ಟರಿಗೆ ತೋರಸೂಣು. ಶೆಡ್ಡಿನ ಮಾತ ಆಮ್ಯಾಲ."

"ಆಮ್ಯಾಲ ಅಂದ್ರ ಇಲ್ಲ ಅಂತನ?"

"ಆಮ್ಯಾಲ ಅಂದ್ರ ಆಮ್ಯಾಲ! ಅಷ್ಟಕ್ಕ ಮತ್ತ ಸಿಟ್ಟಿಗೇಳಬ್ಯಾಡ. ನಂಗೂ ವಿಚಾರ ಮಾಡಾಕ ಟೈಮ ಬೇಕು."

ಗೂಳಪ್ಪನಿಗೆ ಸಿಟ್ಟು ಬಂದೇ ಬಂತು. ಆದರೆ ಅದರ ಹಿಂದೆಯೇ ಇನ್ನೇನೋ ಬಂತು. ವರ್ಷಗಟ್ಟಲೆ ಹೊತ್ತ ಮೂಟೆಯನ್ನು ಇಳಿಸಿದ ಮೇಲೂ ಭುಜ ನೋಯುವಂತೆ. ಚಹಾ ಒಂದೇ ಗುಟುಕಿಗೆ ಕುಡಿದು ಎದ್ದ. ಮಲಕಾಜಪ್ಪನ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಎದೆಯ ಮೇಲೊಂದು ಚೀಲ, ಬೆನ್ನಿಗೆ ಗುಲಾಬಿ ಚೀಲ.

ಕುಮಟಾದ ಮಾತು ಬಿಟ್ಟು ಮೇಲಿನ ದಾರಿಯಲ್ಲಿ ಬಸ್ಸಿನ ರಸ್ತೆಯತ್ತ ಹೊರಟರು. ದಾರಿ ಕಿರಿದು, ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು. ಬೂಟು ಹೋದ ಕಾಲಿಗೆ ರಾಜಕುಮಾರನ ಚಪ್ಪಲಿ, ಕೈಯಲ್ಲಿ ಯಾರದೋ ಒಂದು ಕೋಲು, ಹೀಗೆ ಕುಂಟುತ್ತ ಮಲಕಾಜಪ್ಪ ಮತ್ತೆ ಗೂಳಪ್ಪನ ಹಿಂದೆಯೇ ಬಂದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಗೂಳಪ್ಪನ ಸೊಂಟ ಜಗ್ಗಿತು. ನೋಡಿದರೆ ಟವೆಲಿನ ಗಂಟು ಇನ್ನೂ ಸೊಂಟದಲ್ಲೇ ಇತ್ತು. ಬಾಲದಂತೆ ಎಳೆದುಕೊಂಡು ಬರುತ್ತಿದ್ದ ಅದರ ತುದಿ ಮಲಕಾಜಪ್ಪನ ಮುಷ್ಟಿಯಲ್ಲಿತ್ತು.

"ಎತ್ತ ಹಿಡದಂಗ ಹಿಡೀತಿಯಲ್ಲಲೇ! ಬಿಡು!"

"ಬಿಡಂಗಿಲ್ಲ. ಜಗ್ಗಿದ್ರ ಹೊಳ್ಳಿ ನೋಡು, ಅಷ್ಟ ಸಾಕು."

ಗೂಳಪ್ಪ ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ, ಟವೆಲಿನ ಗಂಟು ಸಡಿಲಾಗಿದೆಯೇ ಎಂದು ಮುಟ್ಟಿ ನೋಡಿ ಇನ್ನಷ್ಟು ಬಿಗಿ ಮಾಡಿಕೊಂಡು, ಮುಂದೆ ನಡೆದ.