ಮೂರು ನಿಮಿಷದ ಮಾತು

ವಿಜಯಪುರದ ಅಥಣಿ ರಸ್ತೆಯಲ್ಲಿರುವ ಡೋಣಿ ಎಫ್‌ಎಂನಲ್ಲಿ ನಾನು ಒಂಬತ್ತು ವರ್ಷ ಬೆಳಗಿನ ಕಾರ್ಯಕ್ರಮ ನಡೆಸಿದೆ. ಒಂಬತ್ತರಿಂದ ಹನ್ನೆರಡರವರೆಗೆ ಒಂದು ಹಾಡು, ಆಮೇಲೆ ಮೂರು ನಿಮಿಷ ನನ್ನ ಮಾತು, ಮತ್ತೆ ಹಾಡು. ಮಾತಿನಲ್ಲಿ ಹವಾಮಾನ, ಪೇಟೆ ಧಾರಣೆ, ಸ್ವಲ್ಪ ವಿಜ್ಞಾನ. ನಾನು ರಸಾಯನಶಾಸ್ತ್ರ ಓದಿದವನು. ಮೂರು ನಿಮಿಷ ಎಂದರೆ ನೂರಾ ಎಂಬತ್ತು ಸೆಕೆಂಡು. ಅದನ್ನು ಮೀರಿದ್ದು ಒಂದೇ ಸಲ, ಏಳು ಸೆಕೆಂಡು, ಬಿಕ್ಕಳಿಕೆಯಿಂದ.

ಈ ವರ್ಷ ಫೆಬ್ರುವರಿ ಹನ್ನೆರಡರ ಸಂಜೆ ಮ್ಯಾನೇಜರ್ ಸುಶೀಲೇಂದ್ರ ನನ್ನನ್ನು ಕರೆದರು. ಮಾಲೀಕರು ಪುಣೆಯ ಒಂದು ಕಂಪನಿಯಿಂದ ಸಿದ್ಧ ಕಾರ್ಯಕ್ರಮ ಕೊಂಡಿದ್ದರು. ಹನ್ನೊಂದು ಊರುಗಳ ಸ್ಟೇಷನ್ನಿಗೆ ಒಂದೇ ಕಡೆಯಿಂದ ಹಾಡು ಬರುತ್ತದೆ. ಹಳೆಯದು, ಹೊಸದು, ಕನ್ನಡ, ಹಿಂದಿ, ಮರಾಠಿ. ಯಾವುದರ ಹಿಂದೆ ಯಾವುದು ಬೇಕಾದರೂ ಬರಬಹುದು. ಮಾತಾಡುವವರಿಲ್ಲ. ಅರ್ಧ ತಾಸಿಗೊಮ್ಮೆ ಮೊದಲೇ ರೆಕಾರ್ಡ್ ಮಾಡಿದ ಧ್ವನಿಯೊಂದು ಬೆಂಗಳೂರಿನ ಕನ್ನಡದಲ್ಲಿ "ನಮಗೆ ಅನ್ನಿಸಿದ್ದು ಹಾಕ್ತೀವಿ" ಎನ್ನುತ್ತದೆ.

"ಹದಿನೈದು ದಿನ ನೋಡೂಣ ನಂದಕಿಶೋರ," ಅಂದರು ಸುಶೀಲೇಂದ್ರ. "ನಿಮ್ಮ ಕಾರ್ಯಕ್ರಮ ಬೇಕು ಅಂತ ಹತ್ತು ಮಂದಿ ಸೈ ಮಾಡಿ ಕೊಟ್ರ, ಮೂರು ತಾಸು ನಿಮ್ಮದ. ಇಲ್ಲಂದ್ರ ಜಾಹೀರಾತಿಗೆ ಹೋಗ್ರಿ."

"ಹತ್ತ ಸಾಕೇನ್ರಿ?"

"ಮೊದಲ ಹತ್ತು ಬರ್ಲಿ."

ಹನ್ನೊಂದು ದಿನದಲ್ಲಿ ಮೂರು ಫೋನು ಬಂದವು. ಇಬ್ಬರು ಹೊಸ ಹಾಡು ಚೆನ್ನಾಗಿವೆ ಎಂದರು. ಮೂರನೆಯವರಿಗೆ ಗ್ಯಾಸ್ ಸಿಲಿಂಡರ್ ಬೇಕಿತ್ತು.

ಹನ್ನೆರಡನೆಯ ದಿನ ಟಿಕೋಟಾದಿಂದ ಒಬ್ಬ ಹೆಂಗಸು ಫೋನು ಮಾಡಿದಳು. "ನಾನು ದಾವಲಬಿ ರೀ, ಸಿದ್ದರಾಯನವರ ಒಣದ್ರಾಕ್ಷಿ ಶೆಡ್ಡಿನಾಕಿ. ನೀವು ಮಾತಾಡೂದು ಬಿಟ್ಟೀರಿ, ನಮ್ಮ ಮಾಲು ಕೆಡಾಕತ್ತೇತಿ."

ಶೆಡ್ಡಿನಲ್ಲಿ ಎಷ್ಟು ಜನ ಎಂದು ಕೇಳಿದೆ. ಹದಿನಾಲ್ಕು. ಸೈ ಮಾಡಿಸಲು ಹದಿನಾಲ್ಕು ಫಾರಂ ತೆಗೆದುಕೊಂಡು ಬಸ್ಸು ಹತ್ತಿದೆ.

ಹಸಿ ದ್ರಾಕ್ಷಿಯನ್ನು ಒಣಹಾಕುವ ಮೊದಲು ಔಷಧದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣ ಬಿಡಿಸಲು ಪೊಟ್ಯಾಷಿಯಂ ಕಾರ್ಬೋನೇಟು ಮತ್ತು ಎಣ್ಣೆ. ಕಡಿಮೆ ಅದ್ದಿದರೆ ಬೇಗ ಒಣಗುವುದಿಲ್ಲ, ಹೆಚ್ಚಾದರೆ ಬಣ್ಣ ಹೋಗುತ್ತದೆ. ಆ ಶೆಡ್ಡಿನ ಲೆಕ್ಕ ಮೂರು ನಿಮಿಷ.

"ಹಾಡು ಹತ್ತಿದ್ರ ಕ್ರೇಟು ಬದಲಿ ಮಾಡೂದು," ಅಂದಳು ದಾವಲಬಿ. "ನೀವು ಬಾಯಿ ತೆಗೆದ್ರ ಮುಳುಗಸೂದು, ಮುಚ್ಚಿದ್ರ ಎತ್ತೂದು. ಐದು ವರ್ಷದಿಂದ ಹಿಂಗ. ಆವತ್ತು ಹಾಡು ಬಂತು, ಕ್ರೇಟು ಹಿಡದು ನಿಂತ್ವಿ. ಇನ್ನೊಂದು ಬಂತು. ಮತ್ತೊಂದು ಬಂತು. ಮುಕ್ಕಾಲು ತಾಸು ನಿಂತೀವ್ರಿ. ನಿಮಗ ಆರಾಮಿಲ್ಲೇನೋ ಅಂದ್ವಿ."

"ಆಮ್ಯಾಲ?"

"ಒಂದು ಹಾಡಿಗೆ ಒಂದು ಸಲ ಅದ್ದೂಣ ಅಂದ್ವಿ. ಒಂದು ಹಾಡು ಎರಡ ನಿಮಿಷಕ್ಕ ಮುಗೀತೈತಿ. ಕವ್ವಾಲಿ ಬಂದ್ರ ಮುಗಿಯೂದ ಇಲ್ಲ."

"ಗಡಿಯಾರ ನೋಡಬಹುದಿತ್ತಲ್ರಿ."

"ಗಡಿಯಾರ ನೋಡಿದ್ರ ಕೈ ನಿಲ್ತಾವು. ಫೋನು ಒತ್ತಾಕ ಕೈಯೆಲ್ಲಾ ಎಣ್ಣಿ. ಕಿವಿ ಖಾಲಿ ಇರ್ತಾವಲ್ರಿ."

ನಾನು ಏನು ಮಾತಾಡುತ್ತಿದ್ದೆ ನೆನಪಿದೆಯೇ ಎಂದು ಕೇಳಿದೆ.

"ಅದನ್ಯಾರು ಕೇಳ್ಯಾರ್ರಿ?"

"ಒಮ್ಮೆ ಬಿಕ್ಕಳಿಕಿ ಬಂದಿತ್ತಲ್ರಿ ನಿಮಗ," ಅಂದಳು ಪಕ್ಕದಲ್ಲಿದ್ದ ಆಮ್ರಪಾಲಿ. "ಆವತ್ತಿನ ಮಾಲು ಕರ್ರಗಾತು."

ಏಳು ಸೆಕೆಂಡಿಗೆ ಹಾಗಾಗುವುದಿಲ್ಲ.

ಫಾರಂ ಹೊರಗೆ ತೆಗೆದೆ. ಅಷ್ಟರಲ್ಲಿ ರೇಡಿಯೋದಲ್ಲಿ ಉದ್ದನೆಯ ಹಾಡೊಂದು ಶುರುವಾಯಿತು, ನಾಲ್ಕು ಕ್ರೇಟು ತೊಟ್ಟಿಯಲ್ಲಿದ್ದವು. ನಾಲ್ಕು ನಿಮಿಷವಾಯಿತು. ಯಾರೂ ಎತ್ತಲಿಲ್ಲ, ಹಾಡು ಮುಗಿದಿರಲಿಲ್ಲ. ನಾನೇ "ಎತ್ರಿ" ಅಂದೆ. ಆಮೇಲೆ ಅರ್ಧ ತಾಸು ವಾಚು ಹಿಡಿದು "ಮುಳುಗಸ್ರಿ, ಎತ್ರಿ" ಅನ್ನುತ್ತಾ ನಿಂತೆ. ಇನ್ನೂ ಎರಡು ಟನ್ ದ್ರಾಕ್ಷಿ ಹೊರಗೆ ಬಿಸಿಲಲ್ಲಿತ್ತು.

ಫೆಬ್ರುವರಿ ಹನ್ನೆರಡರ ನನ್ನ ಕೊನೆಯ ಕಾರ್ಯಕ್ರಮದ ಪೂರ್ತಿ ರೆಕಾರ್ಡಿಂಗ್ ನನ್ನ ಫೋನಿನಲ್ಲಿತ್ತು. ಅದನ್ನು ಕೊಟ್ಟರೆ ಇವರಿಗೆ ರೇಡಿಯೋ ಬೇಕಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮೊದಲು ಸೈ, ಆಮೇಲೆ ಇದು ಎಂದೂ ಅನಿಸಿತು. ಆದರೆ ಸೈ ಮಾಡಲು ಹದಿನಾಲ್ಕು ಜನ ಕೈ ತೊಳೆಯಬೇಕು, ತೊಟ್ಟಿಯಲ್ಲಿ ಮತ್ತೆ ನಾಲ್ಕು ಕ್ರೇಟು ಇದ್ದವು. ದಾವಲಬಿಯ ಫೋನಿಗೆ ಕಳಿಸಿದೆ. ಸ್ಪೀಕರಿಗೆ ಜೋಡಿಸಿದರು. ನಾನು ಮಾತಾಡಿದೆ, ಮುಳುಗಿಸಿದರು. ಸುಮ್ಮನಾದೆ, ಎತ್ತಿದರು.

ಮಧ್ಯಾಹ್ನ ಕೈ ತೊಳೆದು ಬಂದ ದಾವಲಬಿ ಫಾರಂ ಓದಿದಳು. "'ಕಾರ್ಯಕ್ರಮವಿಲ್ಲದೆ ನಮಗೆ ತೊಂದರೆಯಾಗುತ್ತಿದೆ' ಅಂತ ಐತಿ. ಈಗ ಎಲ್ಲೈತ್ರಿ ತೊಂದರಿ?"

"ಬೆಳಿಗ್ಗಿತನಾ ಇತ್ತಲ್ರಿ."

"ಬೆಳಿಗ್ಗೆ ಆಗಿದ್ರ ಮಾಡ್ತಿದ್ದೆ. ರೋಜಾ ಇದ್ದೀನ್ರಿ, ಸುಳ್ಳಿಗೆ ಸೈ ಹೆಂಗ ಮಾಡ್ಲಿ?"

ರೋಜಾ ಇಲ್ಲದವರೂ ಮಾಡಲಿಲ್ಲ. ದಾವಲಬಿ ಮಾಡದ್ದನ್ನು ಆ ಶೆಡ್ಡಿನಲ್ಲಿ ಯಾರೂ ಮಾಡುವುದಿಲ್ಲ. ನನಗೂ ವಾದದಲ್ಲಿ ತಪ್ಪು ಕಾಣಲಿಲ್ಲ.

ಹದಿನಾಲ್ಕು ಖಾಲಿ ಫಾರಂ ಸುಶೀಲೇಂದ್ರರ ಮೇಜಿನ ಮೇಲಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಾಳಿ ಆದ್ರೂ ಉಳೀತು," ಅಂದರು. ಒಂದನೇ ತಾರೀಖಿನಿಂದ ನಾನು ಗಾಂಧಿ ಚೌಕದಲ್ಲಿ ಅಂಗಡಿಯಿಂದ ಅಂಗಡಿಗೆ ಜಾಹೀರಾತು ಕೇಳಿಕೊಂಡು ಓಡಾಡಿದೆ. ಎಲ್ಲ ಅಂಗಡಿಯಲ್ಲೂ ನಮ್ಮ ಸ್ಟೇಷನ್ ಹಚ್ಚಿರುತ್ತಿದ್ದರು. ಹೊಸ ಕಾರ್ಯಕ್ರಮ ಚೆನ್ನಾಗಿಯೇ ಇತ್ತು.

ಮಾರ್ಚ್ ಕೊನೆಗೆ ದಾವಲಬಿ ಮತ್ತೆ ಫೋನು ಮಾಡಿದಳು.

"ಮಾಲು ಹೆಂಗೈತ್ರಿ?" ಅಂದೆ.

"ಹಸರಗ ಐತಿ. ಬಬಲೇಶ್ವರದ ಶೆಡ್ಡಿನವರೂ ನಿಮ್ಮನ್ನ ಇಸಕೊಂಡು ಹೋಗ್ಯಾರ. ಆದ್ರ ಅಲ್ಲೂ ಇಲ್ಲೂ ಎಲ್ಲಾರಿಗೂ ಬಾಯಿಪಾಠ ಆಗೇತ್ರಿ. 'ಇವತ್ತು ಮೋಡ ಇರಂಗಿಲ್ಲ' ಅಂತೀರಿ, ಹೊರಗ ಮೋಡ. ಇರ್ಲಿ. ಹನ್ನೊಂದೂವರಿ ಸುಮಾರಿಗೆ ಗಡಗಿ ನೀರು ಯಾಕ ತಣ್ಣಗಿರ್ತೈತಿ ಅಂತ ಶುರು ಮಾಡ್ತೀರಲ್ಲ?"

"ಹೌದ್ರಿ."

"ಅರ್ಧಕ್ಕ ಬಿಟ್ಟು ನಾಳೆ ಹೇಳ್ತೀನಿ ಅಂತೀರಿ. ತಿಂಗಳಾತು, ದಿನಾ ನಾಳೆ ಹೇಳ್ತೀನಿ ಅಂತೀರಿ. ಆಮ್ರಪಾಲಿ ಒಂದು ಹೇಳ್ತಾಳ, ನಾನೊಂದು ಹೇಳ್ತೀನಿ, ಜಗಳಾ ಆಗೇತಿ. ಸ್ಪೀಕರ್ ಹಚ್ಚೀನಿ, ಎಲ್ಲಾರೂ ಕುಂತಾರ. ಹೇಳ್ರಿ."

ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತು ಗಡಿಗೆಯ ಸಣ್ಣ ರಂಧ್ರಗಳಿಂದ ಶುರುಮಾಡಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡು ಆಯಿತು.