ರಾಣಿ ಇಳಿಯುವ ಮೆಟ್ಟಿಲು

ಹರಿ ಹೇಳಿದ್ದು ಎರಡೇ ಸುಳ್ಳು. ಎರಡೂ ಒಂದೇ ಮೆಟ್ಟಿಲಿನ ಮೇಲೆ ಬಂದು ಕೂರುತ್ತವೆಂದು ಅವನೇನು ಕನಸು ಕಂಡಿದ್ದನೇ?

ಮಗಳು ತಾರಿಣಿ ಒಂಬತ್ತನೇ ತರಗತಿಯಲ್ಲಿದ್ದಾಗ ಸಮರ್‌ಸೆಟ್‌ನ ಅವಳ ಶಾಲೆಯಲ್ಲಿ ಒಂದು ಮ್ಯೂಸಿಕಲ್ ಆಗಬೇಕಿತ್ತು. ಕೊನೆಯ ಹಾಡಿಗೆ ರಾಣಿಯೊಬ್ಬಳು ಅರಮನೆಯ ಮೆಟ್ಟಿಲಿಳಿದು ಬರಬೇಕು. ಪಾರ್ಸಿಪನಿಯ ಆಫೀಸಿನಲ್ಲಿ ದಿನವಿಡೀ ಕೀಬೋರ್ಡ್ ಕುಟ್ಟುವ ಹರಿಗೆ ಸುತ್ತಿಗೆ ಹಿಡಿಯುವ ಹುಚ್ಚು. ಮೆಟ್ಟಿಲು ತನ್ನದು ಎಂದು ಕೈಯೆತ್ತಿದ. ನಾಟಕದ ಟೀಚರ್ ಮಿಸೆಸ್ ಕೊವಾಲ್ಸ್ಕಿ ಕೇಳಿದ್ದು ಆರು ಮೆಟ್ಟಿಲು. ಬೊಂಬೆಗೆ ಬೆಸಸಂಖ್ಯೆಯ ಮೆಟ್ಟಿಲೇ ಜೋಡಿಸಿ ಬೆಳೆದ ಮೈಸೂರಿನವನ ಕೈ ಸಮಸಂಖ್ಯೆಗೆ ಒಪ್ಪಲಿಲ್ಲ. ಏಳು ಕಟ್ಟಿದ. ನಾಲ್ಕನೆಯದು ಕಿರ್ ಎನ್ನುತ್ತಿತ್ತು. ಎರಡು ವಾರದಲ್ಲಿ ಸರಿಮಾಡಿ ಕೊಡುತ್ತೇನೆಂದು ಇಡೀ ಮೆಟ್ಟಿಲನ್ನು ಬಿಚ್ಚಿ ಗರಾಜಿಗೆ ತಂದ. ಅದೇ ವಾರ ಕೋವಿಡ್ ಬಂದು ಶಾಲೆಯೂ ಎರಡು ವಾರಕ್ಕೆಂದು ಬಾಗಿಲು ಹಾಕಿತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು.

ಆ ವರ್ಷ ನವರಾತ್ರಿಗೆ ಹೆಂಡತಿ ರಾಜಿಯ ಬೊಂಬೆ ಸ್ಟ್ಯಾಂಡಿನ ಕಾಲು ಮುರಿಯಿತು. ಹರಿ ಗರಾಜಿನಿಂದ ಮೆಟ್ಟಿಲನ್ನು ಒಳಗೆ ತಂದು, ಶಾಲೆಯವರಿಗೆ ಇದು ಬೇಡವಂತೆ, ನಮಗೇ ಕೊಟ್ಟರು ಎಂದ. ಇದು ಮೊದಲನೆಯ ಸುಳ್ಳು. ಸೋಫಾ ಬೇಸ್‌ಮೆಂಟಿಗೆ ಹೋಯಿತು, ಮೆಟ್ಟಿಲಿನ ಚಿನ್ನದ ಬಣ್ಣದ ಮೇಲೆ ಬಿಳಿ ಪಂಚೆ ಬಿತ್ತು, ಬೊಂಬೆಗಳು ಮೇಲೇರಿದವು. ಅಂದಿನಿಂದ ಪ್ರತಿ ವರ್ಷ ಅದೇ ಏರ್ಪಾಟು.

ಈಗ ತಾರಿಣಿಗೆ ಶಾಲೆಯ ಕೊನೆಯ ವರ್ಷ. ನಿಂತುಹೋದ ಮ್ಯೂಸಿಕಲ್ಲನ್ನೇ ಮತ್ತೆ ಆಡಿಸುವುದೆಂದಾಯಿತು. ಅಂದು ರಾಣಿಯ ನಿಲುವಂಗಿಯ ತುದಿ ಹಿಡಿಯಬೇಕಿದ್ದ ಹುಡುಗಿ ಇಂದು ರಾಣಿ. ಬೇಸಿಗೆಯಲ್ಲಿ ಮಿಸೆಸ್ ಕೊವಾಲ್ಸ್ಕಿ ಮೆಟ್ಟಿಲು ಹೇಗಿದೆಯೆಂದು ಕೇಳಿದಾಗ, ಗರಾಜಿನಲ್ಲಿ ಭದ್ರವಾಗಿದೆ ಎಂದ ಹರಿ. ಇದು ಎರಡನೆಯದು. ಚಳಿಗಾಲದಲ್ಲಿ ಕೇಸು ಮತ್ತೆ ಏರಿದರೆ ಎಂಬ ಭಯಕ್ಕೆ ಶಾಲೆಯವರು ಆಟವನ್ನು ಸೆಪ್ಟೆಂಬರ್ ಕೊನೆಯ ವಾರಕ್ಕೇ ಇಟ್ಟುಕೊಂಡರು. ಆ ವಾರ ನವರಾತ್ರಿ. ನಾಳೆ ಟ್ರಕ್ ಕಳಿಸುತ್ತೇನೆಂದು ಟೀಚರ್ ಫೋನ್ ಮಾಡುವ ಹೊತ್ತಿಗೆ ಪಟ್ಟದ ರಾಜ-ರಾಣಿ ಏಳನೆಯ ಮೆಟ್ಟಿಲಿನ ಮೇಲೆ ಆರಾಮಾಗಿ ಕೂತಿದ್ದರು. ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಅವರನ್ನು ಅಲುಗಿಸುವಂತಿಲ್ಲ.

ಹರಿ ಮೊದಲು ಬಾಯಿಬಿಟ್ಟಿದ್ದು ಮಗಳ ಹತ್ತಿರ. ಅಮ್ಮನಿಗಿಂತ ಮಗಳು ಸುಲಭವೆಂದು ಅವನ ಲೆಕ್ಕ.

"ಇಟ್ಸ್ ಓಕೆ ಅಪ್ಪ," ಎಂದಳು ತಾರಿಣಿ, ಫೋನಿನಿಂದ ತಲೆಯೆತ್ತದೆ. "ಐ ಕ್ಯಾನ್ ಜಸ್ಟ್ ವಾಕ್ ಇನ್."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಡ್ರೈವ್‌ವೇಯಲ್ಲಿ ಹುಟ್ಟುಹಬ್ಬವಾದಾಗಲೂ, ವರ್ಷವಿಡೀ ಹಾಸಿಗೆಯ ಮೇಲೇ ಶಾಲೆ ನಡೆದಾಗಲೂ ಈ ಹುಡುಗಿ ಇದನ್ನೇ ಹೇಳಿದ್ದಳು, ಇದೇ ದನಿಯಲ್ಲಿ. ಹರಿ ಎದ್ದವನೇ ಅಡುಗೆಮನೆಗೆ ಹೋಗಿ ರಾಜಿಯೆದುರು ಎರಡೂ ಸುಳ್ಳನ್ನು ಒಪ್ಪಿಸಿದ. ಹೊಸ ಮೆಟ್ಟಿಲು ಕಟ್ಟುತ್ತೇನೆಂದೂ ಸೇರಿಸಿದ. ರಾಜಿ ಅವನ ಕೈಗಳನ್ನೊಮ್ಮೆ ನೋಡಿದಳು, ಅಷ್ಟೇ. ಒಲೆ ಆರಿಸಿ ಬೊಂಬೆಗಳ ಮುಂದೆ ಹೋಗಿ ಕುಳಿತಳು. ಉಸಲಿಗಿಟ್ಟ ಕಡಲೆ ಕುಕ್ಕರಿನಲ್ಲೇ ತಣ್ಣಗಾಯಿತು.

"ಈ ಮೆಟ್ಟಿಲು ಬಂದಾಗಿಂದ ಒಬ್ರಾದ್ರೂ ಒಳಗೆ ಬಂದು ನೋಡಿದಾರಾ?" ಎಂದಳು ಕೊನೆಗೆ. "ಒಂದ್ಸಲ ಜೂಮಲ್ಲಿ ತೋರಿಸ್ದೆ. ಇನ್ನೊಂದ್ಸಲ ಮಾಸ್ಕ್ ಹಾಕ್ಕೊಂಡು ಬಾಗಿಲಲ್ಲೇ ಉಸಲಿ ಡಬ್ಬಿ ಕೊಟ್ಟೆ. ಬೊಂಬೆ ಕೂರಿಸೋದೇ ನಾಲ್ಕು ಜನ ನೋಡ್ಲಿ ಅಂತ. ಮೆಟ್ಟಿಲ ಜೊತೆ ಇವೂ ಹೋಗ್ಲಿ, ಎಲ್ಲಾ. ದೇವರ ಹತ್ರ ನಾನು ಮಾತಾಡ್ಕೋತೀನಿ. ನಿನ್ನ ಹತ್ರ ವಿಜಯದಶಮಿ ಆದ್ಮೇಲೆ ಮಾತಾಡ್ತೀನಿ."

ಅಲ್ಲಿಂದ ಮಾತು ಬಂದ್.

ಶಾಲೆಯ ವೇದಿಕೆಯಲ್ಲಿ ಮೆಟ್ಟಿಲಿನ ಎರಡೂ ಅಂಚಿಗೆ ಬೊಂಬೆಗಳು ಸಾಲಾಗಿ ನಿಂತದ್ದನ್ನು ನೋಡಿ ಮಿಸೆಸ್ ಕೊವಾಲ್ಸ್ಕಿ, ಕೊನೆಗೂ ನನ್ನ ರಾಣಿಗೆ ಪ್ರಜೆಗಳು ಸಿಕ್ಕರು ಎಂದು ಕಣ್ಣೊರೆಸಿಕೊಂಡರು. ಯೂರೋಪಿನ ಅರಮನೆಯಲ್ಲಿ ಅಕ್ಕಿಬೇಳೆ ಅಂಗಡಿಯ ಶೆಟ್ಟರ ಬೊಂಬೆಗೇನು ಕೆಲಸ, ಕೆಳಗಿನ ಮೆಟ್ಟಿಲಿನಲ್ಲಿ ಕ್ರಿಕೆಟ್ ಟೀಮು ಯಾಕಿದೆ ಎಂದು ಯಾರೂ ಕೇಳಲಿಲ್ಲ.

ಶುಕ್ರವಾರ ಸಂಜೆ ಹಾಲ್ ತುಂಬಿತ್ತು. ಕೊನೆಯ ಹಾಡಿಗೆ ಮೊದಲು ವಾದ್ಯಗಳೆಲ್ಲ ನಿಂತವು. ಪಟ್ಟದ ಬೊಂಬೆಗಳ ಪಕ್ಕದಿಂದ ತಾರಿಣಿ ಕಾಲು ಕೆಳಗಿಟ್ಟಳು. ಆಗ ಹರಿಗೆ ನೆನಪಾಯಿತು. ನಾಲ್ಕನೆಯದನ್ನು ಅವನು ಇವತ್ತಿಗೂ ಸರಿಮಾಡಿರಲಿಲ್ಲ. ಬೊಂಬೆಗಳು ನಡೆಯುವುದಿಲ್ಲವಲ್ಲ, ಮರೆತೇಹೋಗಿತ್ತು.

ಕಿರ್ರ್.

ಕೊನೆಯ ಸಾಲಿನವರೆಗೂ ಕೇಳಿಸಿತು. ರಾಣಿ ನಿಂತಳು. ಹರಿ ಕುರ್ಚಿಯಲ್ಲೇ ಕುಗ್ಗಿಹೋದ. ತಾರಿಣಿ ನಿಧಾನವಾಗಿ ಪಕ್ಕದ ಶೆಟ್ಟರ ಕಡೆ ತಿರುಗಿ, ಸದ್ದು ಮಾಡಿದ್ದು ಅವರೇ ಎಂಬಂತೆ ಬೆರಳೆತ್ತಿ ಗದರಿಸಿದಳು. ಹಾಲ್ ಗೊಳ್ಳೆಂದಿತು. ಅವಳು ಬೇಕೆಂದೇ ಇನ್ನೊಮ್ಮೆ ತುಳಿದಳು. ಕಿರ್ರ್. ಶೆಟ್ಟರಿಗೆ ಇನ್ನೊಂದು ಗದರಿಕೆ. ಆ ನಗು ಇಳಿಯುವ ಮೊದಲೇ ಹಾಡು ಎತ್ತಿಕೊಂಡು, ಉಳಿದ ಮೆಟ್ಟಿಲುಗಳನ್ನು ಅವಳು ಇಳಿದು ಬಂದ ರೀತಿಯಲ್ಲಿ ಇಟ್ಸ್ ಓಕೆ ಎನ್ನುವ ಹುಡುಗಿಯ ಸುಳಿವೇ ಇರಲಿಲ್ಲ. ಹರಿ ಅತ್ತ. ಮಾಸ್ಕ್ ಇದ್ದದ್ದು ಒಳ್ಳೆಯದೇ ಆಯಿತು.

ಪರದೆ ಬಿದ್ದ ಮೇಲೆ, ನಾಳೆಯೂ ಆಟವಿದೆಯೆಂದು ನೆನಪಾಗಿ, ಕಾರಿನಲ್ಲಿದ್ದ ಸುತ್ತಿಗೆ ತರಲು ಎದ್ದ. ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದರು.

"ಆ ಮೆಟ್ಟಿಲು ಮುಟ್ಟಿದ್ರೆ ನೋಡು," ಎಂದಳು ರಾಜಿ.

ವಿಜಯದಶಮಿಗೆ ಇನ್ನೂ ದಿನಗಳಿದ್ದವು.