ಪುಂಡ ಜೀನು ಮತ್ತು ಹನ್ನೆರಡು ಕುಳಿಗಳ ಸ್ಟ್ಯಾಂಡು

ನಮ್ಮ ಪ್ರಯೋಗಾಲಯದಲ್ಲಿ ಒಂದು ಜೀನು ಸಿಕ್ಕಿಬಿದ್ದಿತ್ತು. ಕೀಲುವಾತದ ರೋಗಿಗಳ ರಕ್ತದಲ್ಲಿ ಅದರ ಕೂಗಾಟ ಜೋರು, ಆರೋಗ್ಯವಂತರ ರಕ್ತದಲ್ಲಿ ತೆಪ್ಪಗಿರುತ್ತಿತ್ತು. ಅಕ್ಷರ ಅಂಕಿ ಬೆರೆತ ಅದರ ಹೆಸರು ನಾಲಿಗೆಗೆ ಹತ್ತದ್ದರಿಂದ ನಾವು ‘ಪುಂಡ’ ಎಂದು ಕರೆದೆವು. ಪುಂಡನನ್ನು ಅಳೆದರೆ ರೋಗ ಪತ್ತೆ, ಅವನ ಬಾಯಿ ಮುಚ್ಚಿಸಿದರೆ ರೋಗ ವಾಸಿ ಎನ್ನುವುದು ಪ್ರೊಫೆಸರರ ಲೆಕ್ಕ. ಬಾಯಿ ಮುಚ್ಚಿಸುವ ಔಷಧವೂ ಒಂದು ಕಂಪನಿಯಲ್ಲಿ ಸಿದ್ಧವಿತ್ತು. ಪುಂಡ ಹೆಚ್ಚಿರುವವರಿಗೆ ಅದನ್ನು ಮೊದಲು ಕೊಟ್ಟು ನೋಡುವುದೆಂದು ತೀರ್ಮಾನವಾಯಿತು. ಆ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವಳು ನನ್ನ ಅಕ್ಕ.

ಅಕ್ಕ ದರ್ಜಿ. ಬೆರಳು ಊದಿಕೊಂಡು ಎರಡು ವರ್ಷದಿಂದ ಕತ್ತರಿ ಹಿಡಿದಿರಲಿಲ್ಲ. ಸುದ್ದಿ ಕೇಳಿದ ದಿನವೇ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿಸಿದಳು.

ನಾನು ಅಲ್ಲಿ ಟೆಕ್ನಿಶಿಯನ್. ಸೂಜಿ ಚುಚ್ಚಿದ್ದು ರೋಗಿಗೆ ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿರುತ್ತೇನೆ. ಜಂಬ ಎನ್ನುವವರು ಎನ್ನಲಿ. ರೋಗಿಗಳಿರುವುದು ಮೂರನೆಯ ಮಹಡಿಯಲ್ಲಿ, ಪ್ರಯೋಗಾಲಯ ಕೆಳಗೆ. ರಕ್ತದ ಕೊಳವೆ ನಿಲ್ಲಿಸುವ ನನ್ನ ಸ್ಟ್ಯಾಂಡಿನಲ್ಲಿ ಹನ್ನೆರಡು ಕುಳಿ. ಹನ್ನೆರಡೂ ತುಂಬುವ ತನಕ ನಾನು ಇಳಿಯುವವಳಲ್ಲ. ಮೆಟ್ಟಿಲು ಆಸ್ಪತ್ರೆಯದಾದರೂ ಮಂಡಿ ನನ್ನದು ತಾನೇ?

ಒಂದು ದಿನ ವರದಿಗಳನ್ನು ಕಡತಕ್ಕೆ ಸೇರಿಸುತ್ತಿದ್ದಾಗ ಕಣ್ಣಿಗೆ ಏನೋ ಚುಚ್ಚಿತು. ಪ್ರತಿ ಸ್ಟ್ಯಾಂಡಿನಲ್ಲೂ ಮೊದಲ ಕುಳಿಯವರಿಗೆ ಪುಂಡ ವಿಪರೀತ, ಹನ್ನೆರಡನೆಯವರಿಗೆ ತೀರಾ ಕಡಿಮೆ. ನೀರಿನ ಲೋಟ ಎತ್ತಲಾಗದ ಒಬ್ಬ ಅಜ್ಜ ಹನ್ನೆರಡನೆಯ ಕುಳಿ. ವರದಿಯ ಪ್ರಕಾರ ಆತ ಕುಸ್ತಿಗೆ ಇಳಿಯಬಹುದಿತ್ತು. ‘ಆರೋಗ್ಯವಂತರು’ ಎಂದರೆ ನಮ್ಮ ಸಿಬ್ಬಂದಿಯೇ. ಅವರ ರಕ್ತವನ್ನು ಫ್ರೀಜರಿನ ಪಕ್ಕದಲ್ಲೇ ತೆಗೆದು ತಕ್ಷಣ ಒಳಗಿಡುತ್ತಿದ್ದೆ. ಕೊಳವೆಯಲ್ಲಿ ಕೂತ ರಕ್ತ ಸುಮ್ಮನಿರುವುದಿಲ್ಲ, ಹೊತ್ತು ಕಳೆದಂತೆ ಅದರ ಜೀನುಗಳು ಗಲಾಟೆ ಶುರುಮಾಡುತ್ತವೆ. ಸ್ಟ್ಯಾಂಡು ತುಂಬುವ ತನಕ ಮೊದಲ ಕುಳಿ ಕಾಯುತ್ತಿದ್ದದ್ದು ಗಂಟೆಗಟ್ಟಲೆ, ಹನ್ನೆರಡನೆಯದು ನಿಮಿಷಗಳಷ್ಟೇ. ಅಕ್ಕ ಕಾಯಬಾರದೆಂದು ಪ್ರತಿ ಸಲ ಅವಳನ್ನೇ ಮೊದಲು ಕೂರಿಸಿದವಳು ನಾನು.

ಪ್ರೊಫೆಸರರು ಬಾಯಿಮಾತು ನಂಬುವ ಆಸಾಮಿಯಲ್ಲ. ಮರುದಿನ ಬೆಳಿಗ್ಗೆ ನರ್ಸಿನ ಕೈಲಿ ನನ್ನದೇ ರಕ್ತ ಎರಡು ಕೊಳವೆ ತೆಗೆಸಿಕೊಂಡೆ. ಒಂದು ನೇರ ಫ್ರೀಜರಿಗೆ, ಇನ್ನೊಂದು ಮೂರು ಗಂಟೆ ಮೇಜಿನ ಮೇಲೆ. ‘ಅ’, ‘ಆ’ ಎಂದಷ್ಟೇ ಚೀಟಿ ಅಂಟಿಸಿ ಒಪ್ಪಿಸಿದೆ.

ಫಲಿತಾಂಶ ನೋಡಿ ಪ್ರೊಫೆಸರರು ಕನ್ನಡಕ ಮೇಲೇರಿಸಿದರು. “‘ಅ’ಗೆ ಏನೂ ಇಲ್ಲ. ‘ಆ’ಗೆ ಪಾಪ, ತುಂಬಾ ಮುಂದುವರಿದಿದೆ. ಯಾರಿದು? ಇವತ್ತೇ ಪಟ್ಟಿಗೆ ಸೇರಿಸಿ.”

“ಎರಡೂ ನಾನೇ, ಸರ್. ಬೆಳಿಗ್ಗೆ ಚೆನ್ನಾಗೇ ಇದ್ದೆ. ಮೇಜಿನ ಮೇಲೆ ಕೂತು ಕೂತು ಕೆಟ್ಟೋದೆ.”

ಕುಳಿಗಳ ಕಥೆಯನ್ನೆಲ್ಲ ಹೇಳಿದೆ.

“ಅಂದ್ರೆ ಮೂರು ವರ್ಷ ನಾವು ಅಳೆದಿದ್ದು ರೋಗ ಅಲ್ಲ, ನಿಮ್ಮ ಸೋಮಾರಿತನಾನಾ?”

“ಹೌದು ಸರ್. ಆದ್ರೆ ಎಷ್ಟು ಕರಾರುವಾಕ್ಕಾಗಿ ಅಳೆದಿದ್ದೀರಿ!”

ಅವರು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮುಂದಿನ ವಾರವೆಲ್ಲ ಎಲ್ಲರ ರಕ್ತ ಮತ್ತೆ ತೆಗೆದು, ಒಂದೊಂದೇ ಕೊಳವೆ ಹಿಡಿದು ಮೂರು ಮಹಡಿ ಓಡಿ ಇಳಿದೆ. ಪುಂಡ ಎಲ್ಲರಲ್ಲೂ ಒಂದೇ ಸಮ. ಅಕ್ಕನ ರಕ್ತದಲ್ಲೂ ಪರಮ ಸಾಧು. ಔಷಧದ ಪಟ್ಟಿ ಕಸದಬುಟ್ಟಿಗೆ ಹೋಯಿತು.

ಅವತ್ತು ಸಂಜೆ ಅಕ್ಕನ ಮನೆಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಕೂರುವ ಧೈರ್ಯ ಬರಲಿಲ್ಲ.

“ನೀನು ಬಾಯಿ ಬಿಡದೇ ಇದ್ದಿದ್ರೆ ಔಷಧ ಕೊಡ್ತಿದ್ರು, ಅಲ್ವಾ?” ಎಂದಳು.

“ಕೊಡ್ತಿದ್ರು ಅಕ್ಕಾ. ನಿನ್ನ ಕಾಯಿಲೆಗಲ್ಲ, ನನ್ನ ಸ್ಟ್ಯಾಂಡಿಗೆ.”

ಅವಳು ತನ್ನ ಬೆರಳುಗಳನ್ನು ನೋಡಿಕೊಂಡು ಕೇಳಿದಳು,

“ಮನುಷ್ಯರಿಗೆ ಒಟ್ಟು ಎಷ್ಟು ಜೀನು ಇರ್ತವೆ?”

“ಇಪ್ಪತ್ತು ಸಾವಿರದ ಹತ್ರ.”

“ಅದ್ರಲ್ಲಿ ಒಂದು ಅಲ್ಲ ಅಂತ ಗೊತ್ತಾಯ್ತಲ್ಲ, ಇನ್ನು ಉಳಿದವನ್ನ ನೋಡಿ. ನಾಳೆ ಬೇಗ ಕೆಲಸಕ್ಕೆ ಹೋಗು.”

ನನಗೆ ತಡೆಯಲಾಗದೆ ಅಳು ಬಂತು. ಅವಳಿಗೆ ಸಿಟ್ಟು ಬಂತು.

“ಕೈ ನಂದು, ಅಳು ನಿಂದಾ? ಬಾಯಿ ಮುಚ್ಚು!” ಎಂದು ಗದರಿದಳು. ಗದರಿದ ಮೇಲೆ ಅವಳೂ ಅತ್ತಳು.